ಮಲಗಿದರೆ ನೋವು, ಓಡಾಡಿದರೆ ಹಗುರ

ಪ್ರಶ್ನೆ: ನನ್ನ ತಮ್ಮನಿಗೆ 24 ವರ್ಷ. ನಾವು ರೇಷ್ಮೆ ಹುಳು ಸಾಕುತ್ತೇವೆ. ಎರಡು ವರ್ಷದಿಂದ ಅವನಿಗೆ ಸೊಂಟನೋವು. ಚಂದ್ರಿಕೆ (ಹುಳು ಗೂಡು ಕಟ್ಟುವ ತಟ್ಟೆ) ಎತ್ತಿ ಉಳುಕಿರಬೇಕು ಅಂದುಕೊಂಡಿದ್ದೆವು. ಬೆಳಗಿನ ಜಾವ ಮೂರಕ್ಕೇ ನೋವಿಗೆ ಎದ್ದು ಕೂರುತ್ತಾನೆ, ಎದ್ದು ಒಂದು ಗಂಟೆ ಬಗ್ಗೋಕೂ ಆಗಲ್ಲ. ಆದರೆ ಹುಳುವಿಗೆ ಸೊಪ್ಪು ಹಾಕುತ್ತಾ ಓಡಾಡಿದರೆ ಸರಿಹೋಗುತ್ತಾನೆ. ಅದಕ್ಕೇ ಮನೆಯಲ್ಲಿ ನಾಟಕ ಅಂತಾರೆ. ಎಕ್ಸ್‌ರೇಯಲ್ಲಿ ಏನೂ ಇಲ್ಲ. ಈಗ ರಕ್ತದಲ್ಲಿ ಎಚ್‌ಎಲ್‌ಎ-ಬಿ27 ಪಾಸಿಟಿವ್ ಬಂದಿದೆ, ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್ ಇರಬಹುದು ಅಂದರು. ಬೆನ್ನು ಬಿದಿರಿನ ಹಾಗೆ ಆಗುತ್ತಂತೆ, ನಿಜವಾ? ಕೆಲಸ ಬಿಡಿಸಿ ಮಲಗಿಸೋದಾ?
– ಒಬ್ಬ ಅಕ್ಕ, ಶಿಡ್ಲಘಟ್ಟ ತಾಲ್ಲೂಕು

ಉತ್ತರ: ನೋಡಮ್ಮ, ಮೊದಲು ಮನೆಯವರಿಗೆ ಇದು ನಾಟಕ ಅಲ್ಲ ಅಂತ ಹೇಳಿಬಿಡಿ. ಉಳುಕಿದ ನೋವು ಮಲಗಿದರೆ ಇಳಿಯುತ್ತದೆ. ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್ ನೋವು ತಿರುಗಾಮುರುಗಾ. ದೇಹವನ್ನು ಕಾಯಬೇಕಾದ ಶಕ್ತಿಯೇ ದಾರಿತಪ್ಪಿ, ಬೆನ್ನೆಲುಬಿನ ಬುಡಕ್ಕೂ ಸೊಂಟದ ಮೂಳೆಗೂ ನಡುವೆ ಇರುವ ಕೀಲುಗಳಲ್ಲಿ ಉರಿಯೂತ ಎಬ್ಬಿಸುತ್ತದೆ, ಸುಮ್ನೆ ಮಲಗಿದಷ್ಟೂ ಬಿಗಿಯುತ್ತದೆ. ಮಲಗಿಸಲೇಬೇಡಿ.

ಬಿ27 ಅನ್ನೋದು ಹುಟ್ಟಿನಿಂದಲೇ ಬರುವ ಒಂದು ಜೀನ್ ಗುರುತು, ಅದು ಇದ್ದವರಿಗೆಲ್ಲ ಈ ಕಾಯಿಲೆ ಬರಲ್ಲ. ಎಕ್ಸ್‌ರೇ ಸರಿ ಇದೆ ಅಂದಮಾತ್ರಕ್ಕೆ ಕಾಯಿಲೆ ಇಲ್ಲ ಅಂತಲೂ ಅಲ್ಲ, ಅದರಲ್ಲಿ ಕಾಣಿಸೋಕೆ ವರ್ಷಗಳೇ ಹಿಡಿಯುತ್ತವೆ. ಆ ಕೀಲಿನ ಎಂಆರ್‌ಐಯಲ್ಲಿ ಬೇಗ ಗೊತ್ತಾಗುತ್ತದೆ. ಮೂಳೆ ಡಾಕ್ಟರ ಹತ್ತಿರ ಸುತ್ತಾಡೋದು ಸಾಕು, ಬೆಂಗಳೂರಿಗಾದರೂ ಹೋಗಿ ರುಮಟಾಲಜಿಸ್ಟ್ ಅಂದರೆ ಕೀಲುವಾತದ ತಜ್ಞರಿಗೆ ತೋರಿಸಿ.

ಬಿದಿರಿನ ಮಾತು ಸುಳ್ಳಲ್ಲ, ಆದರೆ ಎಲ್ಲರಿಗೂ ಹಾಗಾಗಲ್ಲ. ಉರಿಯೂತವನ್ನು ಹಾಗೇ ಬಿಟ್ಟರೆ ಕೆಲವರಲ್ಲಿ ಬೆನ್ನುಮೂಳೆಗಳ ನಡುವೆ ಹೊಸ ಮೂಳೆ ಬೆಳೆದು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ನ್ಯಾಪ್ರೋಕ್ಸೆನ್‌ನಂಥ ನೋವಿನ ಮಾತ್ರೆಗಳೇ ಇಲ್ಲಿ ಮೊದಲ ಔಷಧಿ. ಅವು ಉರಿಯೂತವನ್ನೂ ಇಳಿಸುತ್ತವೆ. ಆದರೆ ಹೊಟ್ಟೆಗೆ, ಕಿಡ್ನಿಗೆ ತೊಂದರೆ ಮಾಡಬಹುದು, ಅದಕ್ಕೇ ಮೆಡಿಕಲ್ ಶಾಪಿನಲ್ಲಿ ಕೇಳಿ ನುಂಗೋದು ಬೇಡ. ಅವು ಸಾಲದಿದ್ದರೆ ಅಡಲಿಮುಮ್ಯಾಬ್‌ನಂಥ ಬಯಾಲಾಜಿಕ್, ಅಂದರೆ ಉರಿಯೂತ ಎಬ್ಬಿಸುವ ಅಂಶವನ್ನೇ ತಡೆಯುವ ಇಂಜೆಕ್ಷನ್ ಇದೆ, ದುಬಾರಿ. ಅದಕ್ಕೆ ಮೊದಲು ಟಿಬಿ ಪರೀಕ್ಷೆ ಆಗಲೇಬೇಕು, ಒಳಗೆ ಮಲಗಿರುವ ಟಿಬಿ ಎದ್ದುಬಿಡಬಹುದು. ಸ್ಟೀರಾಯ್ಡ್ ಮಾತ್ರೆ ಬೆನ್ನಿನ ಈ ಕಾಯಿಲೆಗೆ ಕೆಲಸಕ್ಕೆ ಬರಲ್ಲ.

ಮನೆಯಲ್ಲಿ ನೀವೇ ಮಾಡಬಹುದಾದದ್ದು ಒಂದಿದೆ. ಅವನನ್ನು ಗೋಡೆಗೆ ಒರಗಿಸಿ ನಿಲ್ಲಿಸಿ. ಹಿಮ್ಮಡಿ, ಬೆನ್ನು ಗೋಡೆಗೆ ತಾಗಿರಲಿ, ಗಲ್ಲ ಮೇಲಕ್ಕೆ ಎತ್ತದ ಹಾಗೆ ತಲೆಯ ಹಿಂಭಾಗವನ್ನು ಗೋಡೆಗೆ ತಾಗಿಸೋಕೆ ಹೇಳಿ. ತಾಗದಿದ್ದರೆ ನಡುವಿನ ಸಂದನ್ನು ಸ್ಕೇಲಿನಲ್ಲಿ ಅಳೆದು ಕ್ಯಾಲೆಂಡರಿನಲ್ಲಿ ಬರೆದಿಡಿ, ತಿಂಗಳಿಗೊಮ್ಮೆ. ಸಂದು ಜಾಸ್ತಿಯಾಗುತ್ತಿದ್ದರೆ ಕಾಯಬೇಡಿ. ದಿನಾ ಬೆನ್ನು ಬಗ್ಗಿಸಿ ಚಾಚುವ ವ್ಯಾಯಾಮ, ಎದೆ ತುಂಬ ಉಸಿರೆಳೆಯೋದು, ಸ್ವಲ್ಪ ಹೊತ್ತು ಬೋರಲು ಮಲಗೋದು, ತೆಳ್ಳಗಿನ ದಿಂಬು. ಬೀಡಿ ಸಿಗರೇಟು ಇದ್ದರೆ ಬಿಡಲೇಬೇಕು, ಹೊಗೆಯಿಂದ ಬೆನ್ನು ಬೇಗ ಕೆಡುತ್ತದೆ.

ಇನ್ನೊಂದು, ಒಂದು ಕಣ್ಣು ಕೆಂಪಾಗಿ ನೋವು ಬಂದು, ಬೆಳಕು ನೋಡೋಕೆ ಆಗದಿದ್ದರೆ ಅದು ಮದ್ರಾಸ್ ಐ ಅಂತ ಸುಮ್ಮನಿರಬೇಡಿ. ಇದೇ ಕಾಯಿಲೆ ಕಣ್ಣಿಗೆ ಬಂದಿರಬಹುದು. ಅವತ್ತೇ ಕಣ್ಣಿನ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ನಮ್ಮಪ್ಪನಿಗೆ 58. ಕತ್ತು, ಬೆನ್ನು ಮರಗಟ್ಟಿದ ಹಾಗಿದೆ. ಕುಡಿಯೋದು ಬೋರ್‌ವೆಲ್ ನೀರು. ಇದೂ ಅದೇನಾ?
– ಒಬ್ಬ ಓದುಗ, ಪಾವಗಡ

ಉತ್ತರ: ನಿಮ್ಮ ಕಡೆ ನೀರಿನ ಫ್ಲೋರೈಡ್ ಹಳೇ ಗೋಳು ಅಲ್ವಾ, ಮೊದಲು ಅದನ್ನೇ ನೋಡಬೇಕು. ವರ್ಷಗಟ್ಟಲೆ ಮೈಸೇರಿದ ಫ್ಲೋರೈಡ್ ಕೂಡ ಬೆನ್ನನ್ನು ಹೀಗೇ ಬಿಗಿ ಮಾಡುತ್ತದೆ. ಈ ವಯಸ್ಸಿನಲ್ಲಿ ಹೊಸದಾಗಿ ಶುರುವಾಗಿದ್ದರೆ ಆಂಕೈಲೋಸಿಂಗ್ ಆಗಿರುವುದು ಕಡಿಮೆ. ನೀರು ಪರೀಕ್ಷೆ ಮಾಡಿಸಿ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಸಿಗದಿದ್ದರೆ 1.5ರವರೆಗೆ. ಕುದಿಸಿದರೆ ಫ್ಲೋರೈಡ್ ಹೋಗಲ್ಲ, ನೀರು ಆವಿಯಾಗಿ ಅದರ ಪ್ರಮಾಣ ಇನ್ನೂ ಹೆಚ್ಚುತ್ತದೆ. ಆರ್‌ಒ ನೀರು ಕುಡಿಸಿ. ಬೆನ್ನಿನ ಜೊತೆ ಮುಂಗೈ ಎಕ್ಸ್‌ರೇ ಕೂಡ ತೆಗೆಸಿ, ಅಲ್ಲಿನ ಎರಡು ಮೂಳೆಗಳ ನಡುವಿನ ಪೊರೆ ಸುಣ್ಣಗಟ್ಟಿದ್ದರೆ ಫ್ಲೋರೈಡ್ ಕಡೆಗೇ ಬೆರಳು ತೋರಿಸುತ್ತದೆ.