ಬಿ.ಇ.ಎಂ. ಶಾಲೆ ಯಾರದು?

ಪ್ರಶ್ನೆ: ನಮ್ಮ ಅಜ್ಜನೂ ತಂದೆಯವರೂ ಓದಿದ್ದು ಕಾಸರಗೋಡಿನ ಬಿ.ಇ.ಎಂ. ಶಾಲೆಯಲ್ಲಿ. ಈ ಅಕ್ಷರಗಳ ಅರ್ಥವೇನು? ಕ್ರೈಸ್ತರ ಖಾಸಗಿ ಶಾಲೆ ಎನ್ನುತ್ತಾರೆ, ಆದರೆ ಅಧ್ಯಾಪಕರ ಸಂಬಳ ಸರಕಾರದ್ದು. ಹಾಗಾದರೆ ಶಾಲೆ ಯಾರದು?
– ಓದುಗರೊಬ್ಬರು, ಕಾಸರಗೋಡು

ಉತ್ತರ: ಬಿ.ಇ.ಎಂ. ಎಂದರೆ ಬಾಸೆಲ್ ಇವಾಂಜಲಿಕಲ್ ಮಿಶನ್. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಈ ಸಂಸ್ಥೆಯ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು 1834ರಲ್ಲಿ ಮಂಗಳೂರಿಗೆ ಬಂದರು. 1836ರಲ್ಲಿ ಅಲ್ಲಿ ಕನ್ನಡ ಶಾಲೆ ತೆರೆಯಿತು. ಇಂಗ್ಲಿಷ್ ಶಾಲೆ ಬಂದದ್ದು ಅದರ ಬಳಿಕ, 1838ರಲ್ಲಿ. ಈ ಅನುಕ್ರಮವನ್ನು ಗಮನಿಸಬೇಕು. ಓದು ಕಲಿತವನು ಬೈಬಲನ್ನು ತನ್ನ ಭಾಷೆಯಲ್ಲೇ ಓದಬೇಕೆಂಬುದು ಅವರ ಉದ್ದೇಶವಾಗಿತ್ತು, ಅದನ್ನು ಅವರು ಮುಚ್ಚಿಟ್ಟವರಲ್ಲ. ಆದರೆ ಕಲಿಸಲು ಪುಸ್ತಕ ಬೇಕಲ್ಲ? 1841ರಲ್ಲಿ ಮಂಗಳೂರಿನಲ್ಲಿ ಮುದ್ರಣಾಲಯ ಶುರುವಾಯಿತು. ಮೊದಮೊದಲು ಅಲ್ಲಿ ಕಲ್ಲಚ್ಚು. ಪುಟವನ್ನು ಕೈಯಲ್ಲಿ ಬರೆದು ಕಲ್ಲಿಗಿಳಿಸಿ ಅಚ್ಚು ತೆಗೆಯುತ್ತಿದ್ದರು. 1843ರ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಟದ್ದೂ ಹಾಗೆಯೇ. ಕಾಸರಗೋಡು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿದ್ದುದರಿಂದ ಮಿಶನ್ನಿನ ಶಾಲೆಯೊಂದಿಗೆ ಕನ್ನಡ ಪಾಠವೂ ಇಲ್ಲಿಗೆ ಸಹಜವಾಗಿಯೇ ಬಂತು.

ಇನ್ನು ಸಂಬಳದ ಮಾತು. ಖಾಸಗಿ ಶಾಲೆಗೆ ಸರಕಾರದ ಹಣ ಸಿಗುವುದು ಹೊಸ ಸಂಗತಿಯಲ್ಲ. ಬ್ರಿಟಿಷ್ ಆಡಳಿತದ ಕಾಲದ, 1854ರ ವುಡ್ ಅವರ ಶಿಕ್ಷಣ ಆದೇಶವೇ ತಪಾಸಣೆಗೆ ಒಪ್ಪುವ ಶಾಲೆಗಳಿಗೆ ಸಹಾಯಧನವನ್ನು ಗೊತ್ತುಮಾಡಿತು. ತಮಾಷೆಯೆಂದರೆ, ಮಲಬಾರ್ ಮತ್ತು ಕೆನರಾ ಶಾಲೆಗಳ ಇನ್‌ಸ್ಪೆಕ್ಟರಾಗಿ 1857ರಲ್ಲಿ ನೇಮಕಗೊಂಡವರು ಇದೇ ಮಿಶನ್ನಿನ ಹೆರ್ಮನ್ ಗುಂಡರ್ಟ್! 1914ರಲ್ಲಿ ಮಹಾಯುದ್ಧ ಶುರುವಾದಾಗ ಮಿಶನ್ನಿನ ಜರ್ಮನ್ ಪಾದ್ರಿಗಳು ಬ್ರಿಟಿಷರಿಗೆ ಶತ್ರುದೇಶದವರಾದರು; ಅವರನ್ನು ಬಂಧನದಲ್ಲಿಟ್ಟು ಕೊನೆಗೆ ಸ್ವದೇಶಕ್ಕೆ ಕಳುಹಿಸಲಾಯಿತು. ಮಿಶನ್ನಿನವರು ಕಟ್ಟಿದ ಕ್ರೈಸ್ತ ಸಭೆಗಳು ಕಾಲಕ್ರಮದಲ್ಲಿ ಸಿ.ಎಸ್.ಐ. ಅಂದರೆ ದಕ್ಷಿಣ ಭಾರತ ಸಭೆಯಲ್ಲಿ ಸೇರಿದವು. ಹೆಸರಿನಲ್ಲಿ ಮಾತ್ರ ಬಾಸೆಲ್ ಉಳಿಯಿತು.

ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಬಂದ ಈಗಿನ ವ್ಯವಸ್ಥೆಯ ಬುಡ ಇರುವುದು 1958ರ ಕೇರಳ ಶಿಕ್ಷಣ ಕಾಯಿದೆಯಲ್ಲಿ. ಅದರ ಪ್ರಕಾರ ಎಯ್ಡೆಡ್ ಶಾಲೆಯ, ಅಂದರೆ ಸರಕಾರದ ಸಹಾಯ ಪಡೆಯುವ ಖಾಸಗಿ ಶಾಲೆಯ, ಅಧ್ಯಾಪಕರ ಸಂಬಳವನ್ನು ಸರಕಾರವೇ ನೇರವಾಗಿಯೋ ಮುಖ್ಯೋಪಾಧ್ಯಾಯರ ಮೂಲಕವೋ ಕೊಡುತ್ತದೆ. ಕಟ್ಟಡ ಮತ್ತು ಜಾಗ ಆಡಳಿತ ಮಂಡಳಿಯವು; ನೇಮಕಾತಿ ಮಂಡಳಿಯ ಪರವಾಗಿ ಶಾಲೆ ನಡೆಸುವ ಮ್ಯಾನೇಜರರ ಕೈಯಲ್ಲಿದ್ದರೂ ಅದಕ್ಕೆ ಇಲಾಖೆಯ ಅನುಮೋದನೆ ಬೇಕು. ಆದ್ದರಿಂದ ಶಾಲೆ ಸಭೆಯದು, ಸಂಬಳ ಸರಕಾರದ್ದು. ನೀವು ಕೇಳಿದ್ದು ಎರಡೂ ನಿಜ.

ಒಂದು ಮಾತು ಸೇರಿಸಬೇಕೆನಿಸುತ್ತದೆ. ಯಾವುದೇ ಎಯ್ಡೆಡ್ ಶಾಲೆಯಲ್ಲಿ ಕನ್ನಡ ಡಿವಿಶನ್, ಅಂದರೆ ಕನ್ನಡ ಮಾಧ್ಯಮದ ತರಗತಿ, ಉಳಿಯುವುದೋ ಇಲ್ಲವೋ ಎಂಬುದನ್ನು ಮ್ಯಾನೇಜರರೊಬ್ಬರೇ ತೀರ್ಮಾನಿಸುವಂತಿಲ್ಲ. ಜೂನ್ ತಿಂಗಳಲ್ಲಿ ಶಾಲೆ ತೆರೆದ ಆರನೆಯ ಕೆಲಸದ ದಿನ ಮಕ್ಕಳ ತಲೆಯೆಣಿಕೆಯಾಗುತ್ತದೆ. ಅಧ್ಯಾಪಕರ ಹುದ್ದೆಗಳು ಆ ಲೆಕ್ಕದ ಮೇಲೆ ನಿಂತಿವೆ. ಅಜ್ಜ ಓದಿದ ಶಾಲೆಯ ಕನ್ನಡ ತರಗತಿಗೆ ಮೊಮ್ಮಗನನ್ನು ಸೇರಿಸುವ ಮನಸ್ಸಿದ್ದರೆ, ಆ ದಿನಕ್ಕೆ ಮೊದಲೇ ಸೇರಿಸಿರಿ.