ಎರಡು ಹಿಡಿ ಕಡಲಹುಲ್ಲು

ಪ್ರಶ್ನೆ: ಕಾರವಾರದಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ. ತಮಿಳುನಾಡಿನ ಕಡಲತೀರದ ಮಂಡಪಂಗೆ ಟೂರ್ ಹೋದಾಗ ದಡದ ಹತ್ತಿರ ಒಂದು ಹಿಡಿ, ಸ್ವಲ್ಪ ದೂರದಲ್ಲಿ ಇನ್ನೊಂದು ಹಿಡಿ ಕಡಲಹುಲ್ಲು (ಸಮುದ್ರದ ನೀರಿನೊಳಗೆ ಬೆಳೆಯುವ ಹುಲ್ಲಿನಂಥ ಗಿಡ) ತಂದೆವು. ದಡದ ಹುಲ್ಲಿಗೆ ಪಾಚಿ ದಪ್ಪಗೆ ಮೆತ್ತಿತ್ತು, ದೂರದ್ದು ಹೆಚ್ಚುಕಮ್ಮಿ ಸ್ವಚ್ಛ. ‘ದಡದ ಹತ್ತಿರ ಪಾಚಿ ಜಾಸ್ತಿ’ ಅಂತ ಪ್ರಾಜೆಕ್ಟಿನಲ್ಲಿ ಬರೆಯಬಹುದಾ?

ಉತ್ತರ: ಸದ್ಯಕ್ಕೆ ಬೇಡ. ಮೊದಲು ಒಂದೇ ಒಂದು ಎಲೆ ಎತ್ತಿಕೊಂಡು ನೋಡಿ. ಥಲಾಸಿಯಾ, ಸಿಮೊಡೋಸಿಯಾ ತರದ ಕಡಲಹುಲ್ಲುಗಳ ಪಟ್ಟಿಯಂಥ ಎಲೆಗಳು ಬುಡದಿಂದ ಬೆಳೆಯುತ್ತವೆ, ಹಾಗಾಗಿ ತುದಿಯೇ ಹಳೆಯದು, ಬುಡ ನಿನ್ನೆ ಮೊನ್ನೆ ಹುಟ್ಟಿದ್ದು. ಬುಡ ಹಸಿರಾಗಿ ಹೊಳೆಯುತ್ತಿರುತ್ತದೆ. ಮೇಲೆ ಹೋದಂತೆ ಸುಣ್ಣ ಚಿಮುಕಿಸಿದ ಹಾಗೆ ಬಿಳಿ, ಗುಲಾಬಿ ಚುಕ್ಕೆ, ಅದು ಸುಣ್ಣ ಕಟ್ಟುವ ಪಾಚಿ. ಅದರ ಮೇಲೆ ಕಂದು ಎಳೆಗಳು. ಒಂದೇ ಬುಡದಲ್ಲೂ ಒಳಗಿನ ಎಲೆ ಎಳೆಯದು, ಹೊರಗಿನದು ಹಳೆಯದು. ಗೇಣುದ್ದದ ಜಾಗದಲ್ಲೇ ಇಷ್ಟು ಫರಕು ಇರುವಾಗ, ನೀವು ಒಂದು ಕಡೆ ಮುದಿ ಎಲೆ, ಇನ್ನೊಂದು ಕಡೆ ಎಳೆ ಎಲೆ ಕಿತ್ತಿಲ್ಲ ಅಂತ ಹೇಗೆ ಗೊತ್ತು?

ನಿಮ್ಮ ಕಾರವಾರದ ಬೈತಖೋಲ್ ಕಡೆ ನೀರು ಇಳಿದಾಗ ಕಲ್ಲುಗಳನ್ನು ನೋಡಿರ್ತೀರಲ್ವಾ? ಒಂದೇ ಬಂಡೆಯ ನೆರಳಿನ ಬದಿ ಹಸಿರು, ಬಿಸಿಲಿನ ಬದಿ ಬೋಳು. ಹುಲ್ಲಿನದೂ ಅದೇ ಕತೆ.

ಜಾಗದಿಂದ ವ್ಯತ್ಯಾಸ ಆಗಲ್ಲ ಅಂತಲ್ಲ. ದಡದಿಂದ ಗೊಬ್ಬರ, ಚರಂಡಿ ನೀರು ಸೇರಿದರೆ ಪಾಚಿಗೆ ಹಬ್ಬ. ಅಲೆ, ಬೆಳಕು ಕೂಡ ಲೆಕ್ಕಕ್ಕೆ ಬರುತ್ತವೆ. ಎಲೆ ಮೇಲೆ ಮೇಯುವ ಸಣ್ಣ ಬಸವನಹುಳುಗಳನ್ನಂತೂ ಎಲ್ಲರೂ ಮರೆಯುತ್ತಾರೆ. ಅವು ಜಾಸ್ತಿ ಇದ್ದ ಕಡೆ ಗೊಬ್ಬರ ಬಂದರೂ ಎಲೆ ಸ್ವಚ್ಛವಾಗಿಯೇ ಇರಬಹುದು. ಲಕ್ಷದ್ವೀಪದ ಅಗತ್ತಿಯಲ್ಲಿ ಹಸಿರು ಆಮೆಗಳು ಹುಲ್ಲನ್ನೇ ಮೇದು ಗಿಡ್ಡ ಮಾಡಿಬಿಡುತ್ತವೆ, ಪಾಚಿ ಕೂರೋಕೆ ಹಳೆ ತುದಿಯೇ ಉಳಿಯಲ್ಲ.

ಮತ್ತೆ ಹೋಗೋದಾದರೆ ದಡದಲ್ಲೂ ದೂರದಲ್ಲೂ ನಾಲ್ಕೈದು ಬೇರೆ ಬೇರೆ ಜಾಗದಿಂದ ಹುಲ್ಲು ತೆಗೆಯಿರಿ. ಎಲ್ಲದರಲ್ಲೂ ಒಳಗಿನಿಂದ ಎರಡನೆಯ ಎಲೆಯನ್ನೇ ಆರಿಸಿ. ಪಾಚಿಯನ್ನು ಬ್ಲೇಡಿನಿಂದ ಕೆರೆದು, ಒಣಗಿಸಿ ತೂಗಿ. ಆ ತೂಕವನ್ನು ಎಲೆಯ ವಿಸ್ತೀರ್ಣದಿಂದ ಭಾಗಿಸಿ. ಎಲೆಗೆ ಇಷ್ಟು ಅಂತ ಬರೆದರೆ ಉದ್ದ ಎಲೆಯೇ ಗೆಲ್ಲುತ್ತದೆ.

ಇನ್ನೊಂದು ಟೂರಿಗೆ ದುಡ್ಡಿಲ್ಲವಾ? ತಂದಿರುವ ಎರಡು ಹಿಡಿಯ ಎಲೆಗಳನ್ನೇ ಬುಡ, ನಡು, ತುದಿ ಅಂತ ಕತ್ತರಿಸಿ, ಒಂದೊಂದರ ಪಾಚಿಯನ್ನೂ ಹೀಗೆಯೇ ಕೆರೆದು ತೂಗಿ. ಶೀರ್ಷಿಕೆಯಿಂದ ‘ದಡ’ ತೆಗೆದು ‘ಎಲೆಯ ಮೇಲೆ’ ಅಂತ ಹಾಕಿದರೆ ಅದೇ ಪ್ರಾಜೆಕ್ಟ್ ಆಯಿತು.