ಅಲಾರಿಕ್ ಕೇಳಿದ್ದೇನು?

ನಮಸ್ಕಾರ.

410ರಲ್ಲಿ ರೋಮ್ ಲೂಟಿ ಮಾಡಿದ ಗಾಥ್ ಜನಾಂಗದ ದೊರೆ ಅಲಾರಿಕ್ ಬಗ್ಗೆ ನೀವು ಕಳಿಸಿದ ‘ರೋಮ್ ಸುಟ್ಟ ರಾಕ್ಷಸ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೇ ಹಾಕಲು ಆಗುವುದಿಲ್ಲ. ಆದರೆ ಬಿಟ್ಟುಬಿಡಲೂ ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಎರಡು ಪುಟ ಬರೀ ಗುಡುಗು, ಮಿಂಚು, ಕುದುರೆ ಕೆನೆತ. ಅಲಾರಿಕ್ ಬರುತ್ತಾನೆ, ಸುಡುತ್ತಾನೆ, ಹೋಗುತ್ತಾನೆ. ಅವನಿಗೆ ಬೇಕಾಗಿದ್ದೇನು ಅಂತ ನೀವು ಎಲ್ಲೂ ಕೇಳಿಲ್ಲ. 394ರಲ್ಲಿ ಫ್ರಿಜಿಡಸ್ ನದಿಯ ಹತ್ತಿರ ಇದೇ ಮನುಷ್ಯ ರೋಮನ್ ಚಕ್ರವರ್ತಿ ಥಿಯೊಡೋಸಿಯಸ್ ಪರವಾಗಿ ಕಾದಾಡಿದ್ದ. ಗೆಲುವು ಚಕ್ರವರ್ತಿಗೆ, ಹೆಣಗಳು ಗಾಥರದ್ದು. ಆಮೇಲೆ ಅವನು ಕೇಳುತ್ತಾ ಹೋದದ್ದು ಸೇನೆಯಲ್ಲಿ ದೊಡ್ಡ ಹುದ್ದೆ, ತನ್ನ ಜನಕ್ಕೆ ನೆಲ, ಊಟಕ್ಕೆ ಕಾಳು. ಕೊನೆಗೆ ಹುದ್ದೆಯೂ ಬೇಡ, ನೋರಿಕಂ ಸೀಮೆ (ಈಗಿನ ಆಸ್ಟ್ರಿಯಾ ಕಡೆ) ಮತ್ತು ವರ್ಷಕ್ಕಿಷ್ಟು ಧಾನ್ಯ ಕೊಟ್ಟರೆ ಸಾಕು ಅಂದ. ಇಟಲಿಯ ರವೆನ್ನಾದಲ್ಲಿ ದರ್ಬಾರು ಮಾಡಿಕೊಂಡು ಕೂತಿದ್ದ ಆಗಿನ ಚಕ್ರವರ್ತಿ ಹೊನೋರಿಯಸ್ ಅದಕ್ಕೂ ಒಪ್ಪಲಿಲ್ಲ. ನಿಮ್ಮ ಲೇಖನದ ಜೀವ ಇಲ್ಲಿದೆ ಅಲ್ವಾ?

ಸ್ಟಿಲಿಕೋಗೆ ಅರ್ಧ ಸಾಲು ಕೊಟ್ಟಿದ್ದೀರಿ. ಅಲಾರಿಕ್‌ನನ್ನು ತಡೆದು ನಿಲ್ಲಿಸಿದ್ದ ರೋಮನ್ ಸೇನಾಪತಿ ಅವನೇ. 408ರಲ್ಲಿ ಅರಮನೆಯವರೇ ಅವನ ತಲೆ ತೆಗೆಸಿದರು. ಬೆನ್ನಿಗೇ ಇಟಲಿಯ ಊರುಗಳಲ್ಲಿ ರೋಮನ್ ಸೈನಿಕರು, ತಮ್ಮ ಜೊತೆಗೇ ದುಡಿಯುತ್ತಿದ್ದ ಹೊರಜನಾಂಗದ ಸೈನಿಕರ ಹೆಂಡತಿ ಮಕ್ಕಳನ್ನು ಕೊಂದರು. ಆ ಗಂಡಸರೆಲ್ಲ ಸೀದಾ ಅಲಾರಿಕ್ ಕಡೆ ನಡೆದರು. ಅವನಿಗೆ ಸೈನ್ಯ ಕಟ್ಟಿಕೊಟ್ಟವರು ಯಾರು ನೋಡಿ!

ಅದೇ ವರ್ಷ ರೋಮ್‌ಗೆ ಮುತ್ತಿಗೆ ಹಾಕಿ ಅವನು ಪಡೆದದ್ದು 5,000 ಪೌಂಡ್ ಚಿನ್ನ, 30,000 ಪೌಂಡ್ ಬೆಳ್ಳಿ, 4,000 ರೇಷ್ಮೆ ನಿಲುವಂಗಿ, ಜೊತೆಗೆ 3,000 ಪೌಂಡ್ ಕಾಳುಮೆಣಸು. ಇಂಥ ವಿವರವನ್ನು ಏಳನೇ ಪುಟದಲ್ಲಿ ಕಂಸದೊಳಗೆ ತುರುಕಿದ್ದೀರಲ್ಲ ಮಾರಾಯರೇ! ಹೆಚ್ಚುಕಡಿಮೆ ಒಂದು ಟನ್ ಮೆಣಸು. ಮಲಬಾರ್ ಕಡೆಯಿಂದ ಹಡಗು ಹತ್ತಿ ಹೋಗುತ್ತಿದ್ದ ಸರಕು. ಆ ಮೂಟೆಗಳು ಗಾಡಿ ಏರುವುದನ್ನು ತೋರಿಸಿ, ಗುಡುಗು ತಾನಾಗಿ ಕೇಳಿಸುತ್ತದೆ.

ಎರಡು ತಪ್ಪುಗಳು. ರೋಮ್ ಅಲಾರಿಕ್ ಕೈಗೆ ಬಿದ್ದ 410ರ ಆಗಸ್ಟ್ 24ಕ್ಕೆ, ನೀವು ಬರೆದ ಹಾಗೆ, ಸಾಮ್ರಾಜ್ಯ ಮುಗಿಯಲಿಲ್ಲ. ಲೂಟಿ ನಡೆದದ್ದು ಮೂರು ದಿನ. ದರ್ಬಾರು ರವೆನ್ನಾದಲ್ಲಿ ಸುಮ್ನೆ ಹಾಗೇ ಇತ್ತು. ಇಟಲಿಯ ಕೊನೆಯ ಚಕ್ರವರ್ತಿಯನ್ನು ಇಳಿಸಿದ್ದು 476ರಲ್ಲಿ. ಇನ್ನು ಊರಿಗೆ ಊರೇ ಸುಟ್ಟುಹೋಯಿತು ಅನ್ನುವುದೂ ಜಾಸ್ತಿಯಾಯಿತು. ಸಂತ ಪೀಟರ್, ಸಂತ ಪೌಲರ ಚರ್ಚುಗಳಿಗೆ ಓಡಿದವರನ್ನು ಮುಟ್ಟಕೂಡದು ಅಂತ ಅಲಾರಿಕ್‌ನದೇ ಅಪ್ಪಣೆ ಇತ್ತು. ಆ ತಲೆಬರಹ ಬದಲಿಸಿ.

‘ರೋಮಾ ಹೋಯಿತು’ ಅಂದಾಗ ಹೊನೋರಿಯಸ್ ರೋಮಾ ಅನ್ನುವ ಹೆಸರಿನ ತನ್ನ ಸಾಕುಕೋಳಿಯೇ ಸತ್ತಿತೆಂದು ಗಾಬರಿಯಾದ ಕಥೆ ಇರಲಿ, ನನಗೂ ನಗು ಬಂತು. ಆದರೆ ಇತಿಹಾಸಕಾರ ಪ್ರೊಕೋಪಿಯಸ್ ಅದನ್ನು ಬರೆದದ್ದು ನೂರು ವರ್ಷ ಕಳೆದ ಮೇಲೆ. ಒಂದು ‘ಅಂತೆ’ ಸೇರಿಸಿ. ಮೆಣಸಿನ ಮೂಟೆಯಿಂದ ಶುರುಮಾಡಿ, ಅರ್ಧಕ್ಕೆ ಇಳಿಸಿ, ಮತ್ತೆ ಕಳಿಸಿ.